ಅನಿರೀಕ್ಷಿತ ಅಂಚೆಚೀಟಿ ಉಡುಗೊರೆ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಓದಿಕೊಳ್ಳಿ

ಅಭಿನಂದನೆಗಳು. ನೀವು ಅಂಚೆಚೀಟಿ ಸಂಗ್ರಹಿಸುತ್ತೀರಿ ಎಂಬ ಸುದ್ದಿ ಕೊನೆಗೂ ನೆಂಟರಿಷ್ಟರಲ್ಲಿ ಹರಡಿದೆ. ಇನ್ನು ಮೇಲೆ ಯಾರ ಮನೆಯ ಅಟ್ಟ ಗುಡಿಸಿದರೂ, ಯಾರ ಟ್ರಂಕಿನ ಬೀಗ ಒಡೆದರೂ, ಯಾವ ಕಚೇರಿಯ ಹಳೆಯ ಕಡತ ವಿಲೇವಾರಿಯಾದರೂ ಅಲ್ಲಿ ಸಿಕ್ಕಿದ್ದು ನಿಮ್ಮ ಮನೆಗೆ ಬರುತ್ತದೆ. ಬರುವ ಮುನ್ನ ಫೋನು ಬರುವುದಿಲ್ಲ. ಮದುವೆಯ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿರುವಾಗ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಿರುವಾಗ, ಬೆಳಗಿನ ವಾಕಿಂಗಿನ ನಡುವೆ, ಯಾರೋ ಒಂದು ಕವರನ್ನು ಕೈಗೆ ತುರುಕಿ, "ನಮ್ಮಲ್ಲಿ ಸುಮ್ಮನೆ ಬಿದ್ದಿತ್ತು, ನಿಮ್ಮ ಹತ್ರ ಇರ್ಲಿ" ಎನ್ನುತ್ತಾರೆ.

ಈ ಕೈಪಿಡಿ ಅಂಥ ಕವರಿಗೆ ಮಾತ್ರ. ದುಡ್ಡು ಕೊಟ್ಟು ಕೊಂಡ ಚೀಟಿಗೆ, ಹರಾಜಿನಲ್ಲಿ ಹಿಡಿದದ್ದಕ್ಕೆ, ಅಂಚೆ ಇಲಾಖೆಯಲ್ಲಿ 200 ರೂಪಾಯಿ ಠೇವಣಿಯಿಟ್ಟು ತೆರೆದ ಫಿಲಾಟೆಲಿ ಖಾತೆಗೆ ತಾನಾಗಿ ಬರುವ ಹೊಸ ಚೀಟಿಗೆ ಇದು ಅನ್ವಯಿಸುವುದಿಲ್ಲ. ಅಲ್ಲೆಲ್ಲ ನೀವು ಕೇಳಿದ್ದು ಬರುತ್ತದೆ. ಇಲ್ಲಿ, ಬಂದದ್ದನ್ನೇ ಬಹಳ ದಿನದಿಂದ ಹುಡುಕುತ್ತಿದ್ದೆ ಎಂಬಂತೆ ಮುಖ ಮಾಡಬೇಕು. ಮುಖ ಮಾಡುವ ಅಭ್ಯಾಸ ಇಲ್ಲದವರು ಮೊದಲು ಕನ್ನಡಿಯ ಮುಂದೆ ತಯಾರಿ ನಡೆಸುವುದು ಒಳ್ಳೆಯದು.

ಭಾಗ 1: ಡಬ್ಬದೊಳಗೆ ಏನೇನಿರುತ್ತದೆ

ಉಡುಗೊರೆ ಸಾಮಾನ್ಯವಾಗಿ ಬಿಸ್ಕತ್ತಿನ ತಗಡಿನ ಡಬ್ಬದಲ್ಲೋ ಮದುವೆ ಕರೆಯೋಲೆಯ ಕವರಿನಲ್ಲೋ ಯಾವುದೋ ಕಾಲದ ಡೈರಿಯ ಹಾಳೆಗಳ ನಡುವೆಯೋ ಬರುತ್ತದೆ. ತೆರೆದಾಗ ಕೆಳಗಿನ ವಸ್ತುಗಳಿವೆಯೇ ನೋಡಿಕೊಳ್ಳಿ. ಯಾವುದಾದರೂ ಕಾಣದಿದ್ದರೆ ಗಾಬರಿ ಬೇಡ, ಮುಂದಿನ ಡಬ್ಬದಲ್ಲಿ ಬರುತ್ತದೆ.

ಮೊದಲನೆಯದು, ಮರಳುಗಾಡಿನ ಥಳುಕು. ಅಜ್ಮಾನ್, ಫುಜೈರಾ, ಶಾರ್ಜಾ, ಉಮ್ ಅಲ್ ಕ್ವೈನ್ ಎಂಬ ಹೆಸರು ಹೊತ್ತ ಬಣ್ಣಬಣ್ಣದ ದೊಡ್ಡ ಚೀಟಿಗಳು. ಮೇಲೆ ಹುಲಿ, ಚಿಟ್ಟೆ, ಚಂದ್ರನ ಮೇಲೆ ನಡೆದವರು. ಈ ಪುಟ್ಟ ಅರಬ್ ಸಂಸ್ಥಾನಗಳು 1960ರ ದಶಕದಿಂದ 1972ರವರೆಗೆ ತಮ್ಮ ಜನ ಬರೆಯುವ ಕಾಗದಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚೀಟಿ ಅಚ್ಚು ಹಾಕಿಸಿ, ಅವುಗಳಿಗೆ ಮೊದಲೇ ಮೊಹರೂ ಒತ್ತಿಸಿ, ಪ್ರಪಂಚದ ಮಕ್ಕಳಿಗೆಲ್ಲ ಮಾರಿದವು. ಮೂಲೆಯಲ್ಲಿ ಕಾಲುಭಾಗ ಮಾತ್ರ ಅಚ್ಚುಕಟ್ಟಾಗಿ ಬಿದ್ದ ಮೊಹರು, ತಿರುಗಿಸಿದರೆ ಹಿಂದೆ ಅಂಟು ಇನ್ನೂ ಹಾಗೇ ಇದೆ. ಅಂದರೆ ಆ ಚೀಟಿ ಯಾರ ಕಾಗದವನ್ನೂ ಎಲ್ಲಿಗೂ ಹೊತ್ತಿಲ್ಲ. ಸಂಗ್ರಾಹಕರು ಇವನ್ನು 'ಡ್ಯೂನ್ಸ್' ಎಂದು ಕರೆದು ಮೂಗು ಮುರಿಯುತ್ತಾರೆ. ನೀವು ಮುರಿಯಬೇಡಿ. ನಮ್ಮಲ್ಲಿ ಅನೇಕರು ಈ ಹವ್ಯಾಸಕ್ಕೆ ಬಿದ್ದದ್ದೇ ಅಂಥ ಒಂದು ಹುಲಿಯಿಂದ.

ಎರಡನೆಯದು, ಗುರುತು ಸಿಗದ ದೇಶಗಳು. 'ಮಗ್ಯಾರ್ ಪೋಸ್ತಾ' ಹಂಗೇರಿ, 'ಹೆಲ್ವೇಟಿಯಾ' ಸ್ವಿಟ್ಜರ್‌ಲೆಂಡ್. ದೇಶದ ಹೆಸರೇ ಇಲ್ಲದೆ ಬರೀ ರಾಣಿಯ ತಲೆ ಇದ್ದರೆ ಬ್ರಿಟನ್: 1840ರಲ್ಲಿ ಪೆನ್ನಿ ಬ್ಲ್ಯಾಕ್ ಹೊರಡಿಸಿ ಈ ಪದ್ಧತಿಯನ್ನೇ ಶುರು ಮಾಡಿದವರು ತಾವಾದ್ದರಿಂದ ಹೆಸರು ಹಾಕುವ ಅಗತ್ಯ ಅವರಿಗೆ ಇವತ್ತಿಗೂ ಕಂಡಿಲ್ಲ. ಕೊಡುವವರು ಮಾತ್ರ "ಮಗ್ಯಾರ್ ಅಂತ ಒಂದು ದೇಶ ಇತ್ತು, ಯುದ್ಧದಲ್ಲಿ ಮುಗಿದುಹೋಯ್ತು" ಎಂದು ವಿವರಿಸುತ್ತಾರೆ. ತಲೆದೂಗಿ.

ಮೂರನೆಯದು, ದೇಶಭಕ್ತಿಯ ರಾಶಿ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ದಶಮಾಂಶ ನಾಣ್ಯ ಬಂದಾಗ ಹೊರಟ ಭಾರತದ ನಕ್ಷೆಯ ನಯಾಪೈಸೆ ಚೀಟಿಗಳು. ಇವು ಒಂದೆರಡು ಬರುವುದಿಲ್ಲ, ಹಿಡಿಹಿಡಿಯಾಗಿ ಬರುತ್ತವೆ. ರಾಶಿಯ ಅಡಿಯಲ್ಲಿ ಅದೃಷ್ಟವಿದ್ದರೆ 1949ರ ಮಾಲೆಯ ಆರಾಣೆಯ ಚೀಟಿ ಇರುತ್ತದೆ, ಅದರ ಮೇಲೆ ವಿಜಯಪುರದ ಗೋಳಗುಮ್ಮಟ.

ನಾಲ್ಕನೆಯದು, ಅಂಚೆಚೀಟಿಯೇ ಅಲ್ಲದವು. ಬಾಡಿಗೆ ರಸೀದಿಯಿಂದ ಕಿತ್ತ ರೆವಿನ್ಯೂ ಸ್ಟ್ಯಾಂಪು, ಶಾಲೆಯಲ್ಲಿ ಮಕ್ಕಳ ಕೈಗೆ ಕೊಟ್ಟು ಮಾರಿಸುತ್ತಿದ್ದ ಟಿಬಿ ಸೀಲು, ಬೆಂಕಿಪೊಟ್ಟಣದ ಚಿತ್ರ. ಚೀಟಿಯ ಹಾಗೆ ಕಂಡರೂ ಅಂಚೆಗೆ ಸಲ್ಲದ ಇಂಥವುಗಳಿಗೆ ಸಂಗ್ರಾಹಕರ ಲೋಕದಲ್ಲಿ 'ಸಿಂಡರೆಲಾ' ಎಂಬ ಗೌರವದ ಹೆಸರೇ ಇದೆ. ಅವನ್ನಷ್ಟೇ ಕೂಡಿಡುವವರೂ ಇದ್ದಾರೆ. ಆದ್ದರಿಂದ ವಾಪಸು ಕೊಡುವ ಪ್ರಶ್ನೆ ಬರುವುದಿಲ್ಲ.

ಭಾಗ 2: ಸ್ವೀಕರಿಸುವ ವಿಧಾನ

1. ಎರಡೂ ಕೈಯಿಂದ ತೆಗೆದುಕೊಳ್ಳಿ. ಚೀಟಿಯನ್ನು ಚಿಮುಟದಿಂದಲೇ ಮುಟ್ಟಬೇಕೆಂಬ ನಿಯಮ ಈ ಹಂತಕ್ಕಿಲ್ಲ. ಕೊಟ್ಟವರು ಆಗಲೇ ಎಲ್ಲವನ್ನೂ ಬೆರಳಿನಿಂದ ಎಣಿಸಿದ್ದಾರೆ.

2. ಅವರ ಎದುರಿಗೇ ತೆರೆಯಿರಿ. ಸೂಟುಕೇಸಿನ ಮೇಲಿಟ್ಟು "ಆಮೇಲೆ ನೋಡ್ತೀನಿ" ಎನ್ನಬಾರದು. ಒಂದಾದರೂ ಚೀಟಿ ಹೊರತೆಗೆದು, ಬೆಳಕಿಗೆ ಹಿಡಿದು, "ಇದು ಎಲ್ಲಿಂದ ಬಂದ ಕಾಗದದ್ದು?" ಎಂದು ಕೇಳುವುದು ಕಡ್ಡಾಯ.

3. "ಇದು ನನ್ನ ಹತ್ರ ಇದೆ" ಎಂಬ ವಾಕ್ಯವನ್ನು ನಿಷೇಧಿಸಲಾಗಿದೆ. ಇದ್ದೇ ಇರುತ್ತದೆ. ಏಳು ಪ್ರತಿ ಇರುತ್ತದೆ. ಎಂಟನೆಯದಕ್ಕೆ ಜಾಗ ಮಾಡಿ.

4. ಕಾಫಿ ಕೊಟ್ಟರೆ ಕುಡಿಯಿರಿ. ಒಂದು ಲೋಟ ಕಾಫಿಯ ಅವಧಿಯಲ್ಲಿ, ದುಬೈಗೆ ಹೋದ ಅಣ್ಣ, ರೈಲ್ವೆಯಲ್ಲಿದ್ದ ಮಾವ, ಸೈನ್ಯದಿಂದ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ ಚಿಕ್ಕಪ್ಪ ಎಲ್ಲರೂ ಬಂದು ಹೋಗುತ್ತಾರೆ. ಯಾವ ಕ್ಯಾಟಲಾಗಿನಲ್ಲೂ ಅಚ್ಚಾಗದ ಮಾಹಿತಿ ಇದು.

5. ಮನೆಗೆ ಬಂದೊಡನೆ ಪೆನ್ಸಿಲಿನಲ್ಲಿ ಒಂದು ಚೂರು ಕಾಗದದ ಮೇಲೆ ಯಾರು ಕೊಟ್ಟರು, ಯಾವ ಊರು, ಯಾವ ತಿಂಗಳು ಎಂದು ಬರೆದು ಡಬ್ಬದೊಳಗೆ ಹಾಕಿ. ಪೆನ್ನು ಬೇಡ, ಶಾಯಿ ಚೀಟಿಗೆ ಇಳಿಯುತ್ತದೆ.

ಭಾಗ 3: ಕೊಡುವವರ ವಿಧಗಳು

ನಿವೃತ್ತ ಅಧಿಕಾರಿ: ಇವರು ಚೀಟಿಯನ್ನು ಕವರಿನಿಂದ ಕತ್ತರಿಸಿಯೇ ಕೊಡುತ್ತಾರೆ. ಉಪಕಾರವಾಗಲೆಂದು ಕತ್ತರಿಯನ್ನು ಸರಿಯಾಗಿ ಅಂಚಿನ ಹಲ್ಲುಗಳ ಮೇಲೇ ಓಡಿಸಿರುತ್ತಾರೆ. ಕತ್ತರಿಗೆ ಸಿಕ್ಕ ಚೀಟಿ ಹಲ್ಲುದುರಿದ ಚೀಟಿ, ಆಲ್ಬಮ್ಮಿಗೆ ಹತ್ತುವುದಿಲ್ಲ. ಮುಂದಿನ ಸಲ ಸುತ್ತಲೂ ಒಂದು ಬೆರಳಗಲ ಕಾಗದ ಬಿಡಿ ಎಂದು ಹೇಳಬಹುದು. ಹೇಳುವಾಗ ಯಾರೋ ಬೇರೆಯವರು ಹಾಗೆ ಕತ್ತರಿಸಿದ್ದರೆಂದು ಕಥೆ ಕಟ್ಟಿ.

ಅಮೆರಿಕದ ನೆಂಟರು: ದಸರೆಗೆ ಬಂದವರು ಪರ್ಸಿನಿಂದ ಉಳಿದ ಚೀಟಿಗಳ ಹಾಳೆ ತೆಗೆದುಕೊಡುತ್ತಾರೆ. ಅಲ್ಲಿ 2007ರಿಂದ ಬಂದಿರುವ 'ಫಾರೆವರ್' ಚೀಟಿಯ ಮೇಲೆ ದರವೇ ಇರುವುದಿಲ್ಲ. ಒಮ್ಮೆ ಕೊಂಡರೆ, ಅಂಚೆ ದರ ಎಷ್ಟೇ ಏರಿದರೂ ಅದು ಒಂದು ಸಾಮಾನ್ಯ ಕಾಗದಕ್ಕೆ ಸಾಕು. ಇಂಥ ವ್ಯವಸ್ಥೆ ಬಾಡಿಗೆಗೂ ಬರಲಿ ಎಂದು ಹಾರೈಸಿ ತೆಗೆದುಕೊಳ್ಳಿ.

ಮಕ್ಕಳು: ಪಕ್ಕದ ಮನೆಯ ಹುಡುಗಿ ಕೊರಿಯರ್ ಪೊಟ್ಟಣದ ಬಾರ್‌ಕೋಡ್ ಸ್ಟಿಕರನ್ನು ಕಿತ್ತು ತಂದು ಕೊಡುತ್ತಾಳೆ. ಅವಳ ಅನುಭವದಲ್ಲಿ ಅಂಚೆಯೆಂದರೆ ಅದೇ. ಗೌರವದಿಂದ ಇಸಿದುಕೊಂಡು, ಬದಲಿಗೆ ಭಾಗ 1ರಲ್ಲಿ ಹೇಳಿದ ಹುಲಿಯನ್ನು ಕೊಡಿ.

ಮನೆ ಖಾಲಿ ಮಾಡುವವರು: ಹೆಚ್ಚು ಡಬ್ಬಗಳು ಬರುವುದು ಇವರಿಂದ. ಹಿರಿಯರು ತೀರಿಕೊಂಡಿದ್ದಾರೆ, ಮನೆ ಬಿಲ್ಡರನ ಕೈ ಸೇರುವ ದಿನ ಗೊತ್ತಾಗಿದೆ. ಹಿತ್ತಾಳೆ ಪಾತ್ರೆ ತಂಗಿಯ ಪಾಲಿಗೆ, ಮಂಚ ಕೆಲಸದವಳ ಮನೆಗೆ, ಗ್ರಂಥಾಲಯ ಬೇಡವೆಂದ ಪುಸ್ತಕಗಳು ಗುಜರಿಗೆ ಹೋಗಿವೆ. ಕೊನೆಗೆ ಒಂದು ಆಲ್ಬಂ ಉಳಿಯುತ್ತದೆ. ಅಪ್ಪ ಭಾನುವಾರ ಮಧ್ಯಾಹ್ನಗಳಲ್ಲಿ ಕೂತು ಅಂಟಿಸುತ್ತಿದ್ದದ್ದು. ತೂಕಕ್ಕೆ ಹಾಕಲು ಕೈ ಬರುವುದಿಲ್ಲ, ಹೊಸ ಫ್ಲ್ಯಾಟಿನಲ್ಲಿ ಇಡಲು ಜಾಗವಿಲ್ಲ. ಆಗ ನಿಮ್ಮ ಹೆಸರು ನೆನಪಾಗುತ್ತದೆ. ಎಸೆಯಲಾಗದ ವಸ್ತುವನ್ನು ಪಾಪಭಯವಿಲ್ಲದೆ ಕಳಿಸಬಹುದಾದ ವಿಳಾಸ ಅವರ ಪರಿಚಯದಲ್ಲಿ ಒಂದೇ, ಅದು ನಿಮ್ಮದು. ಈ ಕೈಪಿಡಿಯ ಉಳಿದ ಸೂಚನೆಗಳೆಲ್ಲ ಇದೊಂದೇ ಸಂಗತಿಯಿಂದ ಹುಟ್ಟಿವೆ. ಒಳಗಿರುವ ಚೀಟಿ ಏನಾದರೂ ಆಗಿರಲಿ, ಒಳ್ಳೆಯ ವಿಳಾಸವಾಗಿರುವುದೇ ನಿಮ್ಮ ಕೆಲಸ.

ಭಾಗ 4: ಬಿಡಿಸುವ ವಿಧಾನ

ಬೇಕಾದ ಸಾಮಗ್ರಿ: ಅಗಲ ಬಾಯಿಯ ಬೇಸಿನ್, ಉಗುರುಬೆಚ್ಚಗಿನ ನೀರು, ಚಪ್ಪಟೆ ತುದಿಯ ಚಿಮುಟ, ಹೀರುಕಾಗದ, ಒಂದು ದಪ್ಪ ಪುಸ್ತಕ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಇವುಗಳ ಜೊತೆಗೆ, ಬೇಸಿನ್ ಯಾರದ್ದು ಎಂದು ಕೇಳದ ಮನೆಯವರು.

ಕೆಂಪು, ನೀಲಿ ಬಣ್ಣದ ಕವರಿನ ತುಂಡುಗಳನ್ನು ಮೊದಲೇ ಬೇರೆ ಮಾಡಿ. ಮದುವೆ ಕರೆಯೋಲೆಯ ಗುಲಾಬಿ ಕವರು ಒಂದಿದ್ದರೆ ಸಾಕು, ಬೇಸಿನ್ನಿನಲ್ಲಿರುವ ಗಾಂಧಿ, ನೆಹರೂ ಎಲ್ಲರಿಗೂ ಓಕುಳಿ. ಉಳಿದವನ್ನು ಮುಖ ಮೇಲಾಗಿ ನೀರಿನ ಮೇಲೆ ತೇಲಿಬಿಡಿ. ಮೊದಲು ಕಾಗದ ಮೆತ್ತಗಾಗಿ ಅಂಚು ಕೆಳಗೆ ಬಾಗುತ್ತದೆ. ನೀರು ನಿಧಾನವಾಗಿ ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅರವತ್ತು ವರ್ಷದ ಹಿಂದಿನ ಗೋಂದು ಬಿಡುತ್ತಿದೆ ಎಂದರ್ಥ. ಹದಿನೈದಿಪ್ಪತ್ತು ನಿಮಿಷದಲ್ಲಿ ಚೀಟಿ ತಾನಾಗಿ ಕಾಗದದಿಂದ ಜಾರಿ ಒಂದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೂ ಮೊದಲು ಎಳೆಯಬೇಡಿ. ನೆನೆದ ಚೀಟಿ ನೀವು ಎಳೆದ ಕಡೆಗೇ ಹರಿಯುತ್ತದೆ. ಬಿಟ್ಟ ಮೇಲೆ ಹಿಂಬದಿಯನ್ನು ಬೆರಳಿನಿಂದ ಸವರಿ, ಇನ್ನೂ ಲೋಳೆಯಾಗಿದ್ದರೆ ಶುದ್ಧ ನೀರಿನಲ್ಲಿ ಮತ್ತೊಮ್ಮೆ ಅದ್ದಿ. ಹೀರುಕಾಗದದ ಮೇಲೆ ಒಣಗಿದಾಗ ಚೀಟಿ ಸುರುಳಿ ಸುತ್ತಿಕೊಳ್ಳುತ್ತದೆ. ರಾತ್ರಿಯಿಡೀ ನಿಘಂಟಿನೊಳಗೆ ಇಟ್ಟರೆ ನೆಟ್ಟಗಾಗುತ್ತದೆ.

ಅಮೆರಿಕದ ನೆಂಟರು ಕಾಗದಕ್ಕೆ ಹಚ್ಚಿ ಕಳಿಸಿದ ಸ್ಟಿಕರ್ ಚೀಟಿಗಳು ಈ ಉಪಚಾರಕ್ಕೆ ಜಗ್ಗುವುದಿಲ್ಲ. ಮೂರು ದಿನ ನೆನೆಸಿದರೂ ಹಿಡಿತ ಬಿಡದವನ್ನು ಕಾಗದದ ಸಮೇತ ಅಂದವಾಗಿ ಕತ್ತರಿಸಿ ಇಟ್ಟುಕೊಳ್ಳಿ.

ಭಾಗ 5: ನೀರಿಗೆ ಹಾಕಲೇಬಾರದ್ದು

ಕವರು ಪೂರ್ತಿಯಾಗಿ ಬಂದಿದ್ದರೆ ಕತ್ತರಿ ಕೆಳಗಿಡಿ. ಮೊಹರಿನ ಅರ್ಧ ಚೀಟಿಯ ಮೇಲೆ, ಅರ್ಧ ಕವರಿನ ಮೇಲೆ ಬಿದ್ದಿರುತ್ತದೆ. ಒಂದು ಅರ್ಧದಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ತಾರೀಕು. ಬೇರ್ಪಡಿಸಿದರೆ ಊರಿಗೆ ತಾರೀಕಿಲ್ಲ, ತಾರೀಕಿಗೆ ಊರಿಲ್ಲ.

1971–73ರ ಮಾಮೂಲಿ ಕವರುಗಳನ್ನು ವಿಶೇಷವಾಗಿ ನೋಡಿ. ನಿಜವಾದ ಅಂಚೆದರದ ಪಕ್ಕದಲ್ಲಿ, ಕುಟುಂಬ ಯೋಜನೆಯ ಐದು ಪೈಸೆಯ ಚೀಟಿಯ ಮೇಲೆ 'ರೆಫ್ಯೂಜಿ ರಿಲೀಫ್' ಎಂದು ಮೇಲಚ್ಚು ಒತ್ತಿರುತ್ತಾರೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನೆರವಿಗಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಈ ಹೆಚ್ಚುವರಿ ಐದು ಪೈಸೆ ಸಲ್ಲುತ್ತಿತ್ತು. ಹಾವೇರಿಯ ಜವಳಿ ಅಂಗಡಿಯವರು ಬೆಂಗಳೂರಿನ ಸಗಟು ವ್ಯಾಪಾರಿಗೆ ಬರೆದ ಬಾಕಿ ವಸೂಲಿಯ ಕಾಗದವೂ ಆ ನೆರವಿಗೆ ಐದು ಪೈಸೆ ಕೊಟ್ಟಿದೆ. ಚೀಟಿ ಬಿಡಿಸಿದರೆ ಬಿಡಿ ಚೀಟಿ, ಕವರಿನ ಮೇಲಿದ್ದರೆ ಒಂದು ಯುದ್ಧದ ರಸೀದಿ.

1960ರ ಸೆಪ್ಟೆಂಬರ್ 15ರ ಮೊದಲ ದಿನದ ಕವರು ಸಿಕ್ಕರೆ ಎದ್ದು ನಿಲ್ಲಿ. ಅವತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವಿರುವ 15 ನಯಾಪೈಸೆಯ ಚೀಟಿ ಹೊರಬಂತು. ಅದನ್ನು ನೋಡಲು ಅವರೇ ಬದುಕಿದ್ದರು. ಸ್ವತಂತ್ರ ಭಾರತದಲ್ಲಿ ಜೀವಿತ ಕಾಲದಲ್ಲೇ ಇಂಥ ಗೌರವ ಕಂಡವರಲ್ಲಿ, 1958ರ ಧೋಂಡೋ ಕೇಶವ ಕರ್ವೆಯವರ ನಂತರ ಅವರದೇ ಹೆಸರು. ರಾಯಚೂರು, ಕಲಬುರಗಿ, ಬೀದರ್ ಕಡೆಯ ಟ್ರಂಕುಗಳಿಂದ ನಿಜಾಮರ ಚೀಟಿಗಳು ಬರಬಹುದು. ಹೈದರಾಬಾದ್ ಸಂಸ್ಥಾನ 1869ರಿಂದ ತನ್ನದೇ ಚೀಟಿ ಹೊರಡಿಸುತ್ತಿತ್ತು.

ಕೊನೆಯ ಎಚ್ಚರಿಕೆ, ಚೀಟಿಯೇ ಇಲ್ಲದ ಹಳೆಯ ಕಾಗದಗಳ ಬಗ್ಗೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ತಿರುವಾಂಕೂರು, ಕೊಚ್ಚಿಗಳ ಹಾಗೆ ಮೈಸೂರು ಚೀಟಿ ಹೊರಡಿಸಲಿಲ್ಲ. ಆ ಕಾಲದ ಕಾಗದದ ಮೇಲೆ ಇರುವುದು ಬರೀ ಮುದ್ರೆ. "ಸ್ಟ್ಯಾಂಪ್ ಇಲ್ದೇ ಇರೋದನ್ನೆಲ್ಲ ಒಲೆಗೆ ಹಾಕಿ, ಇರೋದನ್ನ ಮಾತ್ರ ನಿಮಗೆ ತಂದೆ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಕನ್ನಡಿಯ ಮುಂದೆ ಮಾಡಿದ ತಯಾರಿ ಉಪಯೋಗಕ್ಕೆ ಬರುವುದು ಆಗಲೇ.

ಭಾಗ 6: ತೊಂದರೆ ಮತ್ತು ಪರಿಹಾರ

ತೊಂದರೆ: "ಇದಕ್ಕೆ ಎಷ್ಟು ಬರುತ್ತೆ?" ಎಂದು ಕೇಳುತ್ತಿದ್ದಾರೆ.
ಕಾರಣ: ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋದದ್ದನ್ನು ಅವರು ಪೇಪರಿನಲ್ಲಿ ಓದಿದ್ದಾರೆ. 1948ರ ಗಾಂಧಿ ಹತ್ತು ರೂಪಾಯಿಯ ಚೀಟಿಯಲ್ಲಿ 'ಸರ್ವಿಸ್' ಎಂಬ ಮೇಲಚ್ಚಿನ ನಾಲ್ಕರ ಜೋಡಣೆಯೊಂದು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾದದ್ದನ್ನು ವಾಟ್ಸಾಪಿನಲ್ಲಿ ನೋಡಿದ್ದಾರೆ. ಅವರ ಡಬ್ಬದಲ್ಲೂ ಗಾಂಧಿ ಇದ್ದಾರೆ.
ಪರಿಹಾರ: ಮೊತ್ತ ಹೇಳಬೇಡಿ. ಸೊನ್ನೆ ಎಂದರೆ ಅವರಪ್ಪನ ಭಾನುವಾರಗಳಿಗೆ ಬೆಲೆ ಕಟ್ಟಿದ ಹಾಗಾಗುತ್ತದೆ, ಲಕ್ಷ ಎಂದರೆ ಸಂಜೆಯೊಳಗೆ ಡಬ್ಬ ವಾಪಸು ಹೋಗುತ್ತದೆ. ನಿಜವಾಗಿಯೂ ಬೆಲೆಬಾಳುವುದು ಕಂಡರೆ ಮಾತ್ರ ಆ ಕ್ಷಣವೇ ಹೇಳಿ, ಅದನ್ನು ಅವರ ಕೈಗೇ ಮರಳಿ ಕೊಡಿ. ಈ ಕಲಮಿಗೆ ವಿನಾಯಿತಿ ಇಲ್ಲ.

ತೊಂದರೆ: ಮೈಸೂರು ಮಹಾರಾಜರ ಅಂಚೆಚೀಟಿ ಎಂದು ಕೊಟ್ಟಿದ್ದಾರೆ.
ಪರಿಹಾರ: ಅದು ಕೋರ್ಟ್ ಫೀ ಚೀಟಿ. ಭಾಗ 5 ನೋಡಿ. ಅವರಿಗೆ ತೋರಿಸಬೇಡಿ.

ತೊಂದರೆ: 2006ರಲ್ಲಿ ಬಂದ 15 ರೂಪಾಯಿಯ ಶ್ರೀಗಂಧದ ಚೀಟಿ ವಾಸನೆ ಬರುತ್ತಿಲ್ಲ.
ಕಾರಣ: ಕೊಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಆಗಲೇ ಉಜ್ಜಿದ್ದಾರೆ.
ಪರಿಹಾರ: ಇಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ನೂರು ರೂಪಾಯಿಯ ಕಾಫಿ ಪರಿಮಳದ ಚೀಟಿಗೂ ಇದೇ ಉತ್ತರ. ಕಾಫಿಯನ್ನಾದರೂ ಮಾಡಿಕೊಂಡು ಕುಡಿಯಬಹುದು.

ತೊಂದರೆ: ಕೊಟ್ಟವರು ವರ್ಷದ ಮೇಲೆ ಮನೆಗೆ ಬಂದು "ಆ ಚೀಟಿಗಳು ಎಲ್ಲಿ?" ಎಂದಿದ್ದಾರೆ.
ಪರಿಹಾರ: ಭಾಗ 2ರ ಐದನೇ ಸೂಚನೆ ಪಾಲಿಸಿದ್ದರೆ ಪುಟ ತೆಗೆದು ತೋರಿಸಲು ಎರಡು ನಿಮಿಷ ಸಾಕು. ಒಂದೇ ಚೀಟಿ ಇದ್ದರೂ ಪರವಾಗಿಲ್ಲ, ಕೆಳಗೆ ಅವರ ತಂದೆಯ ಹೆಸರಿರಲಿ. ಪಾಲಿಸದಿದ್ದರೆ ಕಾಫಿ ಮಾಡಲು ಎದ್ದು ಹೋಗಿ.

ತೊಂದರೆ: ನೀವು ಬೇರೆಯವರಿಗೆ ದಾಟಿಸಿದ್ದ ಹೆಚ್ಚುವರಿ ಚೀಟಿಗಳು ಉಡುಗೊರೆಯಾಗಿ ನಿಮಗೇ ವಾಪಸು ಬಂದಿವೆ.
ಪರಿಹಾರ: ಇದು ದೋಷವಲ್ಲ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ.

ಭಾಗ 7: ನಿರ್ವಹಣೆ

ಮಲೆನಾಡು, ಕರಾವಳಿಯ ಬಳಕೆದಾರರಿಗೆ: ಆಷಾಢದಲ್ಲಿ ಆಲ್ಬಂ ತೆರೆಯಬೇಡಿ. ತೇವದ ಗಾಳಿಗೆ ಹಿಂದಿನ ಅಂಟು ಎಚ್ಚರಗೊಂಡು ಚೀಟಿ ಪುಟಕ್ಕೆ ಕಚ್ಚಿಕೊಳ್ಳುತ್ತದೆ. ಕಂದು ಚುಕ್ಕೆ ಏಳತೊಡಗಿದರೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಉಡುಗೊರೆಯಾಗಿ ಬಂದ ಡಬ್ಬವನ್ನು ಒಂದು ತಿಂಗಳು ನಿಮ್ಮ ಸಂಗ್ರಹದಿಂದ ದೂರವಿಟ್ಟು, ಚುಕ್ಕೆಯಿರುವವನ್ನು ಬೇರೆ ಮಾಡಿದ ಮೇಲೆಯೇ ಒಳಕ್ಕೆ ಬಿಟ್ಟುಕೊಳ್ಳಿ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ. ಆಲ್ಬಂ ಮಲಗದೆ ನಿಂತಿರಲಿ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆ ಕಾಲಕ್ರಮೇಣ ಚೀಟಿಯ ಬಣ್ಣಕ್ಕೆ ಮುಳುವಾಗುತ್ತದೆ, ಅದನ್ನು ಕರೆಂಟು ಬಿಲ್ಲಿಗೆ ಬಳಸಿ.

ಭಾಗ 8: ವಾರಂಟಿ ಮತ್ತು ವಿಲೇವಾರಿ

ಈ ಉಡುಗೊರೆಗೆ ವಾರಂಟಿ ಇಲ್ಲ, ವಾಪಸಾತಿ ಇಲ್ಲ, ಒಮ್ಮೆ ಶುರುವಾದರೆ ನಿಲ್ಲುವ ಸೂಚನೆಯೂ ಇಲ್ಲ. ಒಂದು ಡಬ್ಬವನ್ನು ಸಂತೋಷದಿಂದ ತೆಗೆದುಕೊಂಡವರಿಗೆ ಮೂರು ಡಬ್ಬ ಬರುತ್ತವೆ. ಆದ್ದರಿಂದ ಬರುವಷ್ಟೇ ವೇಗದಲ್ಲಿ ಹೊರಗೂ ಕಳಿಸಿ. ಹೆಚ್ಚುವರಿ ಚೀಟಿಗಳನ್ನು ದೇಶವಾರು ವಿಂಗಡಿಸಿ ಹತ್ತಿರದ ಶಾಲೆಗೆ ಕೊಡಿ. ಫಿಲಾಟೆಲಿಯಲ್ಲಿ ಆಸಕ್ತಿಯಿರುವ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಅಂಚೆ ಇಲಾಖೆಯ 'ಸ್ಪರ್ಶ್' ಯೋಜನೆಯಡಿ ವರ್ಷಕ್ಕೆ 6000 ರೂಪಾಯಿಯ ವಿದ್ಯಾರ್ಥಿವೇತನವಿದೆ ಎಂಬುದನ್ನು ಮೇಷ್ಟರ ಕಿವಿಗೆ ಹಾಕಿ. ಆಮೇಲೆ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಇನ್ನು ನಿಮ್ಮ ಸ್ವಂತ ಆಲ್ಬಮ್ಮುಗಳ ವಿಷಯ. ನಿಮ್ಮ ಮನೆಯೂ ಒಂದು ದಿನ ಖಾಲಿಯಾಗಲಿದೆ, ನಿಮ್ಮ ಮಕ್ಕಳ ಫ್ಲ್ಯಾಟಿನಲ್ಲೂ ಜಾಗವಿರುವುದಿಲ್ಲ. ಪರಿಚಯದವರಲ್ಲಿ ಒಳ್ಳೆಯ ವಿಳಾಸ ಯಾವುದು ಎಂದು ಈಗಲೇ ಗೊತ್ತು ಮಾಡಿಕೊಂಡು, ಆ ಹೆಸರನ್ನು ಮೊದಲ ಆಲ್ಬಮ್ಮಿನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಅವರಿಗೆ ಮುಂಚಿತವಾಗಿ ತಿಳಿಸುವ ಅಗತ್ಯವಿಲ್ಲ. ಡಬ್ಬದ ಮೇಲ್ಗಡೆ ಈ ಕೈಪಿಡಿಯ ಒಂದು ಪ್ರತಿ ಇಟ್ಟರೆ ಸಾಕು.